ಎಡೆದೊರೆ ನಾಡಿನಲ್ಲಿ ದೇವರ ಪರಾಂಬರಿಕೆ: ಯೋಸೇಫ, ರೂತ್ ಮತ್ತು ಎಸ್ತೇರರ ಚರಿತ್ರೆಗಳ ವಿವೇಚನೆ

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಣ ಭೂಭಾಗವನ್ನು ಪ್ರಾಚೀನ ಕನ್ನಡ ಶಾಸನಗಳು ಎಡೆದೊರೆ ನಾಡೆಂದು ಕರೆದಿವೆ. ಎರಡು ಮಹಾನದಿಗಳು ಬಳಸಿ ಹರಿದರೂ ಮುಗಿಲನ್ನೇ ನೋಡುತ್ತ ಬದುಕುವ ಹಳ್ಳಿಗಳು ಈ ನಾಡಿನಲ್ಲಿ ಬಹಳ. ತುಂಗಭದ್ರಾ ಎಡದಂಡೆ ನಾಲೆಯ ನೀರು ಸಿಂಧನೂರು ಸೀಮೆಯನ್ನು ಭತ್ತದ ಕಣಜವನ್ನಾಗಿ ಮಾಡಿದೆ. ಅಲ್ಲಿಂದ ಬಹುದೂರವಿಲ್ಲದ ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳ ಒಣಭೂಮಿಯ ಊರುಗಳಲ್ಲಿ ಮಳೆ ತಪ್ಪಿದ ವರ್ಷ ಮನೆಗಳಿಗೆ ಬೀಗ ಬೀಳುತ್ತದೆ. ವೃದ್ಧರನ್ನೂ ದನಕರುಗಳನ್ನೂ ಬಿಟ್ಟು ಉಳಿದವರು ಗುಳೆ ಹೊರಡುತ್ತಾರೆ.

ಇಂಥ ಊರಿನಲ್ಲಿ ಬೆಳೆ ಕಳೆದುಕೊಂಡ ಮನೆಗೋ, ಸಾಲದ ಭಾರದಲ್ಲಿ ಯಜಮಾನನನ್ನೇ ಕಳೆದುಕೊಂಡ ಮನೆಗೋ ಸಭಾಪಾಲಕರು ಪ್ರಾರ್ಥನೆಗೆಂದು ಹೋದಾಗ ಎರಡು ಮಾತುಗಳು ಅವರನ್ನು ಎದುರುಗೊಳ್ಳುತ್ತವೆ. ನೆರೆಹೊರೆಯವರು ‘ಹಣೆಬರಹ’ ಎನ್ನುತ್ತಾರೆ. ವಿಶ್ವಾಸಿಗಳು ‘ದೇವರ ಚಿತ್ತ’ ಎನ್ನುತ್ತಾರೆ. ಶಬ್ದಗಳು ಬೇರೆಯಾದರೂ ಆ ಹೊತ್ತಿನಲ್ಲಿ ಅವುಗಳ ಅರ್ಥ ಬಹುಮಟ್ಟಿಗೆ ಒಂದೇ: ಆದದ್ದು ಆಗಲೇಬೇಕಾಗಿತ್ತು, ಇನ್ನು ಕೇಳಬೇಡಿರಿ. ದೇವರ ಪರಾಂಬರಿಕೆಯನ್ನು ಕುರಿತು ಸತ್ಯವೇದವು ಬೋಧಿಸುವುದು ಇದನ್ನೇ ಏನು? ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳದೆ ನಾವು ಆ ಮನೆಗಳ ಹೊಸ್ತಿಲನ್ನು ದಾಟಲಾರೆವು. ಆದಕಾರಣ ಯೋಸೇಫ, ರೂತ್ ಮತ್ತು ಎಸ್ತೇರರ ಚರಿತ್ರೆಗಳನ್ನು ಈ ನಾಡಿನಲ್ಲಿ ನಿಂತು ಮತ್ತೊಮ್ಮೆ ಓದಲು ಈ ಲೇಖನದಲ್ಲಿ ಪ್ರಯತ್ನಿಸಿದ್ದೇವೆ.

1. ಪದದ ಅರ್ಥ

ವಿಚಾರಿಸಿಕೊಳ್ಳುವುದು, ಕಣ್ಣಿಟ್ಟು ನೋಡಿಕೊಳ್ಳುವುದು, ಸಲಹುವುದು ಎಂಬ ಭಾವಗಳು ‘ಪರಾಂಬರಿಕೆ’ ಎಂಬ ಮಾತಿನಲ್ಲಿ ಕೂಡಿವೆ. ಪಾಶ್ಚಾತ್ಯ ದೈವಶಾಸ್ತ್ರವು ಬಳಸುವ ‘ಪ್ರಾವಿಡೆನ್ಷಿಯಾ’ ಎಂಬ ಲತೀನ್ ಪದಕ್ಕೆ ಮುಂದಾಗಿ ನೋಡುವುದೆಂದು ಅರ್ಥ. ಮೊರೀಯ ಬೆಟ್ಟದಲ್ಲಿ ಅಬ್ರಹಾಮನು ಆ ಸ್ಥಳಕ್ಕಿಟ್ಟ ಹೆಸರಿನಲ್ಲಿಯೂ (ಆದಿಕಾಂಡ 22:14) ಇರುವುದು ‘ರಾಆ’, ಅಂದರೆ ನೋಡು, ಎಂಬ ಹೀಬ್ರೂ ಧಾತುವೇ. ಹೀಗೆ ಮೂಲದಲ್ಲಿ ಪರಾಂಬರಿಕೆಯು ದೇವರ ದೃಷ್ಟಿಗೆ ಸಂಬಂಧಿಸಿದ್ದು. ಹಣೆಬರಹಕ್ಕೆ ಕಣ್ಣಿಲ್ಲ, ಬರೆದ ಮೇಲೆ ಅದು ಯಾರನ್ನೂ ನೋಡುವುದಿಲ್ಲ. ಪರಾಂಬರಿಸುವ ದೇವರಾದರೋ ನೋಡುತ್ತಾನೆ, ಕೇಳುತ್ತಾನೆ, ಬರುತ್ತಾನೆ.

ಪ್ರಾಟೆಸ್ಟಂಟ್ ಸಂಪ್ರದಾಯದ ದೈವಶಾಸ್ತ್ರಜ್ಞರು ಈ ಉಪದೇಶವನ್ನು ಸಂರಕ್ಷಣೆ, ಸಹಕಾರ, ಆಳ್ವಿಕೆ ಎಂದು ಮೂರು ಭಾಗಗಳಾಗಿ ವಿವರಿಸಿದ್ದಾರೆ. ದೇವರು ಸೃಷ್ಟಿಯನ್ನು ಉಳಿಸಿಕೊಂಡು ಬರುತ್ತಾನೆ. ಸೃಷ್ಟಿಯ ಸ್ವಂತ ಕ್ರಿಯೆಗಳಲ್ಲಿ ತಾನೂ ಕ್ರಿಯಾಶೀಲನಾಗಿರುತ್ತಾನೆ. ಎಲ್ಲವನ್ನೂ ತನ್ನ ಉದ್ದೇಶದ ಕಡೆಗೆ ನಡೆಸುತ್ತಾನೆ. ಇವುಗಳಲ್ಲಿ ಎರಡನೆಯದನ್ನು ನಮ್ಮ ಬೋಧನೆಯು ಹೆಚ್ಚಾಗಿ ಮರೆಯುತ್ತದೆ. ದೇವರು ಎರಡನೆಯ ಕಾರಣಗಳ ಮೂಲಕ ಕಾರ್ಯಮಾಡುತ್ತಾನೆಂದು ಥಾಮಸ್ ಅಕ್ವಿನಾಸನು ಒತ್ತಿ ಹೇಳಿದನು. 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರ ಉಪದೇಶವು ಮಳೆಯನ್ನೂ ಬರವನ್ನೂ, ಸುಭಿಕ್ಷವನ್ನೂ ಕ್ಷಾಮವನ್ನೂ ದೇವರ ಹಸ್ತದ ಕೆಳಗೆ ತರುವಾಗ ಅದನ್ನು ತಂದೆಯ ಹಸ್ತವೆಂದೇ ಕಾಣುತ್ತದೆ. ತಂದೆಯ ಹಸ್ತವೆಂದ ಮೇಲೆ ಮಕ್ಕಳು ಆತನ ಮುಂದೆ ಅಳಬಹುದು, ಕೇಳಬಹುದು, ವಾದಿಸಲೂಬಹುದು.

2. ಯೋಸೇಫ: ನೀರಿಲ್ಲದ ಗುಂಡಿಯಿಂದ ಧಾನ್ಯದ ಉಗ್ರಾಣಕ್ಕೆ

ಯೋಸೇಫನ ಚರಿತ್ರೆಯಲ್ಲಿ ಪರಾಂಬರಿಕೆಯ ಶಿಖರವಾಕ್ಯವೆಂದರೆ ಆದಿಕಾಂಡ 50:20. ಅಣ್ಣಂದಿರು ಕೇಡನ್ನು ಕಲ್ಪಿಸಿದರು, ದೇವರು ಮೇಲನ್ನು ಕಲ್ಪಿಸಿದನು ಎಂಬುದು ಅದರ ತಾತ್ಪರ್ಯ. ಎರಡು ಕಡೆಯೂ ಮೂಲದಲ್ಲಿರುವ ಕ್ರಿಯಾಪದ ‘ಖಾಶವ್’ ಒಂದೇ. ನೇಯ್ಗೆಯ ಕುಶಲ ವಿನ್ಯಾಸವನ್ನು ಯೋಚಿಸುವುದಕ್ಕೂ ವಿಮೋಚನಕಾಂಡದಲ್ಲಿ ಈ ಪದವು ಬರುತ್ತದೆ. ಒಂದೇ ಘಟನೆಯಲ್ಲಿ ಎರಡು ಸಂಕಲ್ಪಗಳು ಕೂಡಿವೆ; ಒಂದು ಮತ್ತೊಂದನ್ನು ಅಳಿಸುವುದಿಲ್ಲ. ಅಣ್ಣಂದಿರು ಮಾಡಿದ್ದು ಕೇಡೇ. ದೇವರು ಅದರಿಂದ ಜೀವರಕ್ಷಣೆಯನ್ನು ಉಂಟುಮಾಡಿದ ಮೇಲೆಯೂ ಅದರ ಹೆಸರು ಬದಲಾಗಲಿಲ್ಲ.

ಆದರೆ ಈ ಮಾತನ್ನು ಯಾರು ಹೇಳಿದರು, ಯಾವಾಗ ಹೇಳಿದರು ಎಂಬುದನ್ನು ನಾವು ಗಮನಿಸಬೇಕು. ಕಥೆ ಆರಂಭವಾಗುವಾಗ ಯೋಸೇಫನಿಗೆ 17 ವರ್ಷ (37:2). ಫರೋಹನ ಮುಂದೆ ನಿಂತಾಗ 30 ವರ್ಷ (41:46). ಸುಭಿಕ್ಷದ 7 ವರ್ಷಗಳೂ ಕ್ಷಾಮದ 2 ವರ್ಷಗಳೂ ಕಳೆದ ಮೇಲೆ, ದೇವರೇ ತನ್ನನ್ನು ಮುಂದಾಗಿ ಕಳುಹಿಸಿದನೆಂದು ಅವನು ಮೊದಲಬಾರಿಗೆ ಬಾಯಿಬಿಟ್ಟು ಹೇಳುತ್ತಾನೆ (45:5-8). ಅಂದರೆ ಆ ಅರಿಕೆಗೆ ಸುಮಾರು 22 ವರ್ಷಗಳು ಬೇಕಾದವು. ಅದಕ್ಕೆ ಮುಂಚೆ, ಸೆರೆಮನೆಯಲ್ಲಿ, ಅವನು ಪಾನದಾಯಕನಿಗೆ ಹೇಳಿದ್ದೇನು? ತನ್ನನ್ನು ಇಬ್ರಿಯರ ದೇಶದಿಂದ ಕದ್ದು ತಂದರು, ಈ ಸೆರೆಗೆ ಬೀಳುವಂಥ ತಪ್ಪನ್ನು ತಾನು ಮಾಡಲಿಲ್ಲ, ಫರೋಹನ ಹತ್ತಿರ ತನ್ನ ವಿಷಯವನ್ನು ಪ್ರಸ್ತಾಪಿಸಬೇಕು ಎಂದು (40:14-15). ಅಲ್ಲಿ ಅವನು ಅನ್ಯಾಯವನ್ನು ಅನ್ಯಾಯವೆಂದೇ ಕರೆದನು, ಬಿಡುಗಡೆಗಾಗಿ ಮನುಷ್ಯನನ್ನೇ ಬೇಡಿಕೊಂಡನು. ಯೆಹೋವನು ಅವನ ಸಂಗಡ ಇದ್ದನೆಂದು ಗ್ರಂಥಕರ್ತನು ಅದೇ ಸೆರೆಮನೆಯನ್ನು ಕುರಿತು ಬರೆದಿದ್ದಾನೆ (39:21). ದೇವರ ಸಾನ್ನಿಧ್ಯಕ್ಕೂ ಯೋಸೇಫನ ದೂರಿಗೂ ವಿರೋಧವಿಲ್ಲ.

ಮತ್ತೊಂದು ಸೂಕ್ಷ್ಮವಿದೆ. 37ನೆಯ ಅಧ್ಯಾಯದಲ್ಲಿ ಗುಂಡಿಗೆ ಬಿದ್ದ ಯೋಸೇಫನ ಧ್ವನಿಯೇ ನಮಗೆ ಕೇಳಿಸುವುದಿಲ್ಲ. ಅಣ್ಣಂದಿರು ಊಟಕ್ಕೆ ಕುಳಿತರೆಂದು ಮಾತ್ರ ಬರೆದಿದೆ. ಅವನು ಅಂಗಲಾಚಿ ಬೇಡಿದನೆಂಬುದು ನಮಗೆ ತಿಳಿಯುವುದು ವರ್ಷಗಳಾದ ಮೇಲೆ, ಐಗುಪ್ತದಲ್ಲಿ ಸಂಕಟಕ್ಕೆ ಸಿಕ್ಕಿದ ಅಣ್ಣಂದಿರ ಬಾಯಿಂದ (42:21). ಊಟಮಾಡುತ್ತ ಕುಳಿತವರಿಗೆ ಕೇಳಿಸದಿದ್ದ ಕೂಗು ಸತ್ಯವೇದದ ನೆನಪಿನಲ್ಲಿ ಉಳಿಯಿತು. ಪರಾಂಬರಿಕೆಯನ್ನು ಬೋಧಿಸುವವರು ಮೊದಲು ಆ ಕೂಗಿಗೆ ಕಿವಿಯಾಗಬೇಕು. ಗುಂಡಿಯ ದಡದಲ್ಲಿ ನಿಂತು 50:20ನ್ನು ಓದುವ ಅಧಿಕಾರವನ್ನು ಯಾರೂ ನಮಗೆ ಕೊಟ್ಟಿಲ್ಲ. ಆ ವಚನ ಯೋಸೇಫನದು, ಅದನ್ನು ಹೇಳುವ ಸಮಯವೂ ಅವನದೇ.

ನಮ್ಮ ಸೀಮೆಯ ಹಿರಿಯರಿಗೆ ಹಗೇವು ಎಂದರೇನೆಂದು ವಿವರಿಸಬೇಕಾಗಿಲ್ಲ. ನೆಲದೊಳಗೆ ಗುಂಡಿ ತೋಡಿ, ಜೋಳ ತುಂಬಿ, ಬಾಯಿಗೆ ಮಣ್ಣು ಮುಚ್ಚಿ, ಬರಗಾಲಕ್ಕೆಂದು ಕಾಪಿಡುತ್ತಿದ್ದ ಕಾಲ ಅದು. ಯೋಸೇಫನನ್ನು ಪರಾಂಬರಿಸಿದ ದೇವರು ಕ್ಷಾಮವನ್ನು ತಡೆಯಲಿಲ್ಲ. ಕ್ಷಾಮ ಬಂದೇ ಬಂತು. ಆದರೆ ಅದಕ್ಕೆ ಮುಂಚೆ ಬೆಳೆಯ ಐದನೆಯ ಒಂದು ಪಾಲನ್ನು ಕೂಡಿಸಿಡುವ ವಿವೇಕವನ್ನು ಒಬ್ಬ ಮನುಷ್ಯನಿಗೆ ಕೊಟ್ಟನು (41:34). ಲೆಕ್ಕ, ಉಗ್ರಾಣ, ಮೇಲ್ವಿಚಾರಕರು, ಹಂಚಿಕೆ, ಇವೇ ಇಲ್ಲಿ ಪರಾಂಬರಿಕೆಯ ಉಪಕರಣಗಳು. ಮುಂಜಾಗ್ರತೆಯು ಅವಿಶ್ವಾಸವೆಂದು ತಿಳಿಯುವ ಭಕ್ತಿಗೆ ಆದಿಕಾಂಡದಲ್ಲಿ ಆಧಾರವಿಲ್ಲ.

ಇದರ ಸಂಗಡ 47ನೆಯ ಅಧ್ಯಾಯವನ್ನೂ ಓದುವ ಪ್ರಾಮಾಣಿಕತೆ ನಮಗಿರಬೇಕು. ಕ್ಷಾಮವು ಮುಂದುವರಿದಂತೆ ಜನರು ಧಾನ್ಯಕ್ಕಾಗಿ ಮೊದಲು ಹಣವನ್ನೂ, ಆಮೇಲೆ ದನಕುರಿಗಳನ್ನೂ, ಕಡೆಗೆ ಹೊಲಗಳನ್ನೂ ತಮ್ಮನ್ನೂ ಫರೋಹನಿಗೆ ಒಪ್ಪಿಸಿದರು. ಬರದ ವರ್ಷಗಳಲ್ಲಿ ಒಡವೆ, ಎತ್ತು, ಹೊಲ, ಕೊನೆಗೆ ಕೂಲಿಯ ಮುಂಗಡ ಎಂಬ ಇದೇ ಕ್ರಮವನ್ನು ನಮ್ಮ ರೈತ ಕುಟುಂಬಗಳು ಬಲ್ಲವು. ಜನರ ಪ್ರಾಣ ಉಳಿಯಿತು, ನಿಜ. ಆದರೆ ಅವರು ಫರೋಹನ ದಾಸರಾದರು. ಮುಂದೆ ಯೋಸೇಫನನ್ನು ಅರಿಯದ ಅರಸನು ಎದ್ದಾಗ, ದಾಸತ್ವಕ್ಕೆ ಒಗ್ಗಿದ ಆ ದೇಶದಲ್ಲಿ ಅವನ ಸ್ವಂತ ಜನರೇ ಬಿಟ್ಟಿ ಕೆಲಸಕ್ಕೆ ಸಿಕ್ಕಿದರು. ದೇವರು ಉಪಯೋಗಿಸಿದ ಮನುಷ್ಯನ ಪ್ರತಿಯೊಂದು ಕಾರ್ಯವೂ ದೇವರಿಗೆ ಮೆಚ್ಚಿಕೆಯಾದದ್ದೆಂದು ನಾವು ಭಾವಿಸಬೇಕಾಗಿಲ್ಲ. ಯೋಸೇಫನ ಮೂಲಕ ಜನರನ್ನು ಉಳಿಸಿದ ದೇವರೇ ಮೋಶೆಯ ಮೂಲಕ ಜನರನ್ನು ಬಿಡಿಸಿದನು.

3. ರೂತ್: ಗುಳೆ ಹೋದವರ ದೇವರು

ರೂತಳ ಗ್ರಂಥವು ಒಂದು ಗುಳೆಯ ವೃತ್ತಾಂತದಿಂದಲೇ ತೊಡಗುತ್ತದೆ. ‘ರೊಟ್ಟಿಯ ಮನೆ’ ಎಂಬ ಅರ್ಥದ ಬೇತ್ಲೆಹೇಮಿನಲ್ಲಿಯೇ ರೊಟ್ಟಿ ಇಲ್ಲದಂತಾದಾಗ ಎಲೀಮೆಲೆಕನು ಹೆಂಡತಿ ಮಕ್ಕಳೊಂದಿಗೆ ಮೋವಾಬಿಗೆ ಹೊರಟನು. ಹೋದವರು ನಾಲ್ವರು, ಹತ್ತು ವರ್ಷಗಳಾದ ಮೇಲೆ ಊರಿಗೆ ಮರಳಿದವಳು ನೊವೊಮಿ ಒಬ್ಬಳು, ಸಂಗಡ ಪರದೇಶದ ವಿಧವೆ ಸೊಸೆ. ಗುಳೆ ಹೋದದ್ದು ಪಾಪವೆಂದು ಗ್ರಂಥಕರ್ತನು ಹೇಳುವುದಿಲ್ಲ. ಕೆಲವು ವ್ಯಾಖ್ಯಾನಕಾರರು ಹಾಗೆ ಹೇಳಿದ್ದುಂಟು, ಆದರೆ ಮೂಲದಲ್ಲಿ ಅಂಥ ತೀರ್ಪಿಲ್ಲ. ಬೆಂಗಳೂರಿಗೋ ಪುಣೆಗೋ ಗೋವೆಗೋ ದುಡಿಯಹೋದ ಸಭಿಕರನ್ನು ಕುರಿತು ನಮ್ಮ ಪೀಠಗಳಿಂದಲೂ ಅಂಥ ತೀರ್ಪು ಬರಬಾರದು.

ಮರಳಿ ಬಂದ ನೊವೊಮಿಯು ಊರ ಹೆಂಗಸರ ಮುಂದೆ, ತನ್ನನ್ನು ಇನ್ನು ಮಾರಾ ಎಂದು ಕರೆಯಿರಿ, ಸರ್ವಶಕ್ತನು ತನಗೆ ಬಹಳ ಕಹಿಯನ್ನುಂಟುಮಾಡಿದ್ದಾನೆ ಎನ್ನುತ್ತಾಳೆ (1:20-21). ಆಕೆಯ ಮಾತನ್ನು ಯಾರೂ ತಿದ್ದುವುದಿಲ್ಲ. ರೂತಳೂ ತಿದ್ದುವುದಿಲ್ಲ, ಮರುದಿನ ಎದ್ದು ಹಕ್ಕಲಾಯಲು ಹೋಗುತ್ತಾಳೆ. ದುಃಖಿತರ ಮನೆಯಲ್ಲಿ ಏನು ಮಾಡಬೇಕೆಂಬುದಕ್ಕೆ ಇದಕ್ಕಿಂತ ಸರಳವಾದ ಪಾಠ ನಮಗೆ ಸಿಕ್ಕಲಾರದು.

ಹಕ್ಕಲಾಯಲು ಹೋದವಳು ಬೋವಜನ ಹೊಲಕ್ಕೆ ಹೇಗೆ ಬಂದಳು? ಮೂಲದಲ್ಲಿ ‘ಮಿಕ್ರೆ’ ಎಂಬ ಪದವಿದೆ (2:3), ಅಂದರೆ ಆಕಸ್ಮಿಕ. ದೇವರು ಕರೆದು ತಂದನೆಂದು ಹೇಳಬಹುದಾಗಿದ್ದ ಜಾಗದಲ್ಲಿ ಗ್ರಂಥಕರ್ತನು ಬೇಕೆಂದೇ ಆಕಸ್ಮಿಕವೆನ್ನುತ್ತಾನೆ. ಗ್ರಂಥದಲ್ಲಿ ಯೆಹೋವನು ತಾನೇ ಕಾರ್ಯಮಾಡಿದನೆಂದು ಗ್ರಂಥಕರ್ತನು ಹೇಳುವುದು ಎರಡೇ ಕಡೆ: ತನ್ನ ಜನರನ್ನು ಪರಾಂಬರಿಸಿ ಆಹಾರ ಕೊಟ್ಟದ್ದು (1:6), ರೂತಳಿಗೆ ಗರ್ಭವನ್ನು ಅನುಗ್ರಹಿಸಿದ್ದು (4:13). ಇವೆರಡರ ನಡುವೆ ಇರುವುದೆಲ್ಲ ಮನುಷ್ಯರ ನಡತೆ: ಸೊಸೆಯ ನಿಷ್ಠೆ, ಹೊಲದ ಯಜಮಾನನ ಔದಾರ್ಯ, ಊರಬಾಗಿಲಿನ ಹಿರಿಯರ ನ್ಯಾಯ. ಬಡವರಿಗೂ ಪರದೇಶದವರಿಗೂ ಹಕ್ಕಲನ್ನು ಬಿಡಬೇಕೆಂಬ ಧರ್ಮಶಾಸ್ತ್ರದ ಕಟ್ಟಳೆ (ಯಾಜಕಕಾಂಡ 19:9-10) ಜಾರಿಯಲ್ಲಿ ಇಲ್ಲದಿದ್ದರೆ ಆ ‘ಆಕಸ್ಮಿಕ’ಕ್ಕೆ ಅವಕಾಶವೇ ಇರುತ್ತಿರಲಿಲ್ಲ. ಪರಾಂಬರಿಕೆಯು ನ್ಯಾಯವಾದ ಕಟ್ಟಳೆಯ ಮೂಲಕವೂ ನಡೆಯುತ್ತದೆ.

ಬೋವಜನ ವಿಷಯದಲ್ಲಿ ಇನ್ನೊಂದು ಮಾತು. ಅವನು ಹೊಲದಲ್ಲಿ ರೂತಳನ್ನು ಹರಸುವಾಗ, ಯಾವ ದೇವರ ರೆಕ್ಕೆಗಳ ಕೆಳಗೆ ಆಕೆ ಆಶ್ರಯಕ್ಕೆ ಬಂದಿರುವಳೋ ಆ ದೇವರು ಪ್ರತಿಫಲ ಕೊಡಲೆಂದು ಪ್ರಾರ್ಥಿಸುತ್ತಾನೆ (2:12). ಕಣದಲ್ಲಿ ರೂತಳು ಬೋವಜನನ್ನು ಕೇಳುವುದು ಅವನ ಹೊದಿಕೆಯ ಅಂಚನ್ನು ತನ್ನ ಮೇಲೆ ಹರಡಬೇಕೆಂದು (3:9). ರೆಕ್ಕೆಗೂ ಅಂಚಿಗೂ ಹೀಬ್ರೂವಿನಲ್ಲಿ ‘ಕಾನಾಫ್’ ಎಂಬ ಒಂದೇ ಶಬ್ದ. ನೀನು ಯಾವ ರೆಕ್ಕೆಗಾಗಿ ಪ್ರಾರ್ಥಿಸಿದೆಯೋ ಆ ರೆಕ್ಕೆ ನೀನೇ ಆಗು ಎಂದು ಆಕೆ ಹೇಳಿದಂತಾಯಿತು. ಪ್ರಾರ್ಥನೆ ಮಾಡಿ ಮನೆಗೆ ಹಿಂದಿರುಗುವ ನಮ್ಮೆಲ್ಲರಿಗೂ ಈ ವಚನವು ಅಡ್ಡನಿಲ್ಲುತ್ತದೆ.

ಸಿಂಧನೂರು ಸೀಮೆಯು ಗುಳೆಯ ಎರಡು ಮುಖಗಳನ್ನೂ ಕಂಡಿದೆ. ಒಣಭೂಮಿಯ ಹಳ್ಳಿಗಳಿಂದ ಭತ್ತದ ನಾಟಿಗೆಂದು ಇಲ್ಲಿಗೆ ಬರುವವರಿದ್ದಾರೆ. ನಾಲೆಯ ನೀರಿನ ಆಸೆಯಿಂದ ಆಂಧ್ರದ ಕಡೆಯಿಂದ ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡವರಿದ್ದಾರೆ. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದು ಇಲ್ಲಿನ ಪುನರ್ವಸತಿ ಕ್ಯಾಂಪುಗಳಲ್ಲಿ ನೆಲೆಸಿದ ಬಂಗಾಳಿ ಕುಟುಂಬಗಳೂ ಇವೆ. ಇವರಲ್ಲಿ ನೊವೊಮಿ ಯಾರು, ರೂತ್ ಯಾರು, ಬೋವಜನಾಗಬೇಕಾದವರು ಯಾರು ಎಂದು ಕೇಳದೆ ಈ ಗ್ರಂಥವನ್ನು ಸಿಂಧನೂರಿನಲ್ಲಿ ಬೋಧಿಸಲಾಗದು.

4. ಎಸ್ತೇರ್: ಹೆಸರಿಲ್ಲದ ಶಾಸನ

ಎಸ್ತೇರಳ ಗ್ರಂಥದ ಹೀಬ್ರೂ ಪಾಠದಲ್ಲಿ ದೇವರ ಹೆಸರೇ ಇಲ್ಲ. ಅದರಲ್ಲಿ ದರ್ಶನವಿಲ್ಲ, ಪ್ರವಾದಿಯಿಲ್ಲ, ಅದ್ಭುತಕಾರ್ಯವಿಲ್ಲ. ಅರಸನಿಗೆ ಒಂದು ರಾತ್ರಿ ನಿದ್ದೆ ಬರಲಿಲ್ಲ (6:1). ಅಷ್ಟರಿಂದ ಇಡೀ ಜನಾಂಗದ ಗತಿ ತಿರುಗಿತು. ಗ್ರೀಕ್ ಪಾಠವನ್ನು ಸಿದ್ಧಪಡಿಸಿದವರಿಗೆ ಈ ಮೌನವು ಸಹಿಸದೆ ಪ್ರಾರ್ಥನೆಗಳನ್ನೂ ದೇವರ ನಾಮವನ್ನೂ ಸೇರಿಸಿದರು.

ಈ ಮೌನವನ್ನು ಅರಿಯಲು ಮಸ್ಕಿಯ ಬಂಡೆಯೊಂದು ನಮಗೆ ಸಹಾಯಮಾಡುತ್ತದೆ. ಭಾರತದ ನಾನಾ ಕಡೆ ದೊರೆತ ಧರ್ಮಶಾಸನಗಳಲ್ಲಿ ಅರಸನು ತನ್ನನ್ನು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಿಂದಲೇ ಕರೆದುಕೊಂಡಿದ್ದನು. ಅವನು ಅಶೋಕನೆಂದು ವಿದ್ವಾಂಸರು ಸಿಂಹಳದ ಇತಿಹಾಸಗ್ರಂಥಗಳ ನೆರವಿನಿಂದ ಊಹಿಸಿದ್ದರು. ಶಾಸನದಲ್ಲಿಯೇ ಹೆಸರು ಸಿಕ್ಕಿರಲಿಲ್ಲ. 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರು ಮಸ್ಕಿಯಲ್ಲಿ ಕಂಡ ಶಾಸನದಲ್ಲಿ ಆ ಬಿರುದಿನೊಡನೆ ಅಶೋಕನೆಂಬ ಹೆಸರೂ ಮೊದಲಬಾರಿಗೆ ಓದಲು ದೊರೆಯಿತು. ಹೆಸರು ತಿಳಿಯುವ ಮುಂಚೆಯೂ ಆ ಶಾಸನಗಳೆಲ್ಲ ಅದೇ ಅರಸನವೇ ಆಗಿದ್ದವು.

ಈ ಹೋಲಿಕೆಯನ್ನು ಮಿತಿಯಲ್ಲಿಟ್ಟು ನೋಡಿದರೆ, ಆದಿಕಾಂಡ 45 ಮತ್ತು 50ನೆಯ ಅಧ್ಯಾಯಗಳು ಮಸ್ಕಿಯ ಬಂಡೆಯಂತಿವೆ. ಅಲ್ಲಿ ಹೆಸರು ಓದಲು ಸಿಕ್ಕುತ್ತದೆ. ಎಸ್ತೇರಳ ಗ್ರಂಥವು ಹೆಸರಿಲ್ಲದ ಶಾಸನದಂತಿದೆ. ನಮ್ಮ ಸಭಿಕರ ಜೀವಿತದ ಹೆಚ್ಚಿನ ದಿನಗಳು ಎರಡನೆಯ ವರ್ಗದವು. ಒಂದು ಕಡೆ ಹೆಸರನ್ನು ಓದಿದವರು ಮತ್ತೊಂದು ಕಡೆ ಅದೇ ಹಸ್ತವನ್ನು ನಂಬಬಹುದು; ಆದರೆ ಕಲ್ಲಿನಲ್ಲಿ ಇಲ್ಲದ ಹೆಸರನ್ನು ತಾವೇ ಕೆತ್ತಬಾರದು. ಪ್ರತಿಯೊಂದು ಘಟನೆಗೂ ದೇವರ ಉದ್ದೇಶ ಇಂಥದೇ ಎಂದು ಬೆರಳಿಟ್ಟು ತೋರಿಸುವ ಸಾಕ್ಷಿಗಳು ಕೂಟಗಳಲ್ಲಿ ಕೇಳಲು ಹಿತವಾಗಿರುತ್ತವೆ. ಅದೇ ಕೂಟದಲ್ಲಿ ಅಂಥ ಉತ್ತರವು ಸಿಕ್ಕದ ತಾಯಿಯೊಬ್ಬಳು ತಲೆತಗ್ಗಿಸಿ ಕುಳಿತಿರುತ್ತಾಳೆ.

ಮೊರ್ದೆಕೈಯ ಮಾತೂ ಇದೇ ಮಿತಿಯನ್ನು ಪಾಲಿಸುತ್ತದೆ. ಯೆಹೂದ್ಯರಿಗೆ ಬೇರೆ ಕಡೆಯಿಂದಾದರೂ ಸಹಾಯ ಬರುವುದೆಂದು ಅವನಿಗೆ ಭರವಸೆಯಿದೆ. ಎಸ್ತೇರಳು ರಾಣಿಯಾದದ್ದು ಇಂಥ ಸಮಯಕ್ಕಾಗಿಯೇ ಇರಬಹುದೇನೋ ಎಂದು ಮಾತ್ರ ಅವನು ಕೇಳುತ್ತಾನೆ (4:14). ವಿಮೋಚನೆಯ ವಿಷಯದಲ್ಲಿ ನಿಶ್ಚಯ, ತಮ್ಮ ಪಾತ್ರದ ವಿಷಯದಲ್ಲಿ ವಿನಯ. ಎಸ್ತೇರಳು ಅದನ್ನು ಕೇಳಿ ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಮೂರು ದಿನ ಉಪವಾಸಮಾಡಿಸಿ, ಪ್ರಾಣದ ಹಂಗು ತೊರೆದು ಅರಸನ ಬಳಿಗೆ ಹೋದಳು.

5. ತುಂಡಾದ ಸರಪಳಿ, ಬತ್ತಿದ ಹಳ್ಳ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ತುಂಬಿ ನಿಂತಿದ್ದ ನೀರು ಹೊಳೆಗೆ ಹರಿದುಹೋಗುವುದನ್ನು ಅಚ್ಚುಕಟ್ಟಿನ ರೈತರು ಎದೆಯೊಡೆದು ನೋಡಿದರು. ಒಂದು ವಾರದೊಳಗೆ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಇಂಜಿನಿಯರುಗಳೂ ಕೆಲಸಗಾರರೂ ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಗೇಟನ್ನು ಇಳಿಸಿದರು. ಅದೇ ಮಳೆಗಾಲದಲ್ಲಿ ಜಲಾಶಯ ಮತ್ತೆ ತುಂಬಿತು.

ಇದನ್ನು ದೇವರ ಪರಾಂಬರಿಕೆ ಎನ್ನಬಹುದೇ? ಕೃತಜ್ಞತೆಯಿಂದ ಎನ್ನಬಹುದು. ಆದರೆ ಹಾಗೆನ್ನುವವರು ಮಳೆಯಲ್ಲಿ ಮಾತ್ರ ದೇವರ ಹಸ್ತವನ್ನು ಕಂಡು, ನೀರಿನ ರಭಸದ ಮೇಲೆ ಜೀವವನ್ನು ಪಣಕ್ಕಿಟ್ಟು ದುಡಿದವರಲ್ಲಿ ಅದನ್ನು ಕಾಣದೆಹೋದರೆ ಸಹಕಾರದ ಉಪದೇಶವನ್ನು ಮರೆತಂತೆ. ಸರಪಳಿ ಏಕೆ ತುಂಡಾಯಿತೆಂದು ಕೇಳುವುದನ್ನು ‘ದೇವರ ಚಿತ್ತ’ ಎಂದು ತಡೆದರೆ ಮನುಷ್ಯರ ಹೊಣೆಯನ್ನು ದೇವರ ಮೇಲೆ ಹೊರಿಸಿದಂತೆ. ನೀರಿಗಾಗಿ ಕೇಳುವುದೂ ಅವಿಶ್ವಾಸವಲ್ಲ. ಮಸ್ಕಿ ಸೀಮೆಯ ರೈತರು 5ಎ ನಾಲೆಗಾಗಿ ಪಾಮನಕಲ್ಲೂರಿನಲ್ಲಿ ಧರಣಿ ಕುಳಿತದ್ದನ್ನು ನಾವು ಬಲ್ಲೆವು. ಆ ಬೇಡಿಕೆಯ ಸಾಧ್ಯಾಸಾಧ್ಯತೆಗಳನ್ನು ತೂಗುವುದು ಈ ಲೇಖನದ ಕೆಲಸವಲ್ಲ. ಆದರೆ ಬೇಸರಗೊಳ್ಳದೆ ನ್ಯಾಯ ಕೇಳಿದ ವಿಧವೆಯನ್ನು (ಲೂಕ 18:1-8) ನಮ್ಮ ಕರ್ತನು ಪ್ರಾರ್ಥನೆಗೆ ಮಾದರಿಯಾಗಿ ತೋರಿಸಿದನೆಂಬುದನ್ನು ಸಭೆಯು ಮರೆಯಬಾರದು.

ಎಲೀಯನ ಚರಿತ್ರೆ ಇಲ್ಲಿ ನೆನಪಾಗುತ್ತದೆ. ಕೆರೀತ್ ಹಳ್ಳದ ಬಳಿಯಲ್ಲಿ ದೇವರೇ ಅವನನ್ನು ಇರಿಸಿದನು. ದೇವರು ಇರಿಸಿದ ಹಳ್ಳವೂ ಬತ್ತಿತು (1 ಅರಸುಗಳು 17:7). ಬತ್ತಿದ್ದು ದೇವರು ಕೈಬಿಟ್ಟದ್ದಕ್ಕೆ ಗುರುತಾಗಿರಲಿಲ್ಲ. ಅಲ್ಲಿಂದ ಅವನು ಚಾರೆಪ್ತದ ವಿಧವೆಯ ಮನೆಗೆ ಕಳುಹಿಸಲ್ಪಟ್ಟನು. ಆಕೆಯ ಮಡಕೆಯಲ್ಲಿದ್ದದ್ದು ಒಂದು ಹಿಡಿ ಹಿಟ್ಟು. ಪ್ರವಾದಿಯು ಬಡವರ ಮನೆಯಲ್ಲಿ ಉಂಡನು, ಬಡವರು ಪ್ರವಾದಿಯ ದೇವರಿಂದ ಬದುಕಿದರು. ಅಂದಂದಿನ ಹಿಟ್ಟು ಅಂದಂದಿಗೆ ಸಾಕಾಯಿತು. ಮಡಕೆ ತುಂಬಿ ತುಳುಕಿತೆಂದು ಬರೆದಿಲ್ಲ.

6. ಸಭಾಪಾಲನೆಯಲ್ಲಿ

ಮೇಲಿನ ವಿವೇಚನೆಯಿಂದ ಸೇವಕರಿಗೂ ಸೇವೆಗೆ ಸಿದ್ಧರಾಗುತ್ತಿರುವ ವಿದ್ಯಾರ್ಥಿಗಳಿಗೂ ಮೂರು ವಿಷಯಗಳು ಸ್ಪಷ್ಟವಾಗುತ್ತವೆಂದು ನಾವು ಭಾವಿಸುತ್ತೇವೆ.

ಮೊದಲನೆಯದಾಗಿ, ಪರಾಂಬರಿಕೆಯು ಸಂಕಟ ಪಟ್ಟವರು ಹಿಂದಿರುಗಿ ನೋಡಿ ಅರಿಕೆಮಾಡುವ ಮಾತು. ಅದನ್ನು ಅವರಿಗಿಂತ ಮುಂಚೆ ನಾವು ಹೇಳಬಾರದು. ಸಾವಿನ ಮನೆಯಲ್ಲಿ ರೋಮಾಪುರದವರಿಗೆ 8:28ನ್ನು ಓದುವುದಕ್ಕೆ ಮುಂಚೆ ಅದೇ ಅಧ್ಯಾಯದ 26ನೆಯ ವಚನವನ್ನು ನೆನೆಯೋಣ. ಅಲ್ಲಿ ಪವಿತ್ರಾತ್ಮನು ಸಹ ಮಾತಿಲ್ಲದ ನರಳಾಟದಿಂದ ಬೇಡಿಕೊಳ್ಳುತ್ತಾನೆ.

ಎರಡನೆಯದಾಗಿ, ಕೇಡನ್ನು ಕೇಡೆಂದೇ ಕರೆಯಬೇಕು. ಬಡ್ಡಿಯ ಸುಲಿಗೆ, ಜಾತಿಯ ಅವಮಾನ, ಕೂಲಿಯ ವಂಚನೆ ಇವುಗಳಿಂದಲೂ ದೇವರು ಮೇಲನ್ನು ಉಂಟುಮಾಡಬಲ್ಲನು. ಹಾಗೆಂದು ಅವು ಮೇಲಾಗುವುದಿಲ್ಲ. ಶಿಲುಬೆಯ ವಿಷಯದಲ್ಲಿಯೂ ಪೇತ್ರನು ದೇವರ ಸ್ಥಿರಸಂಕಲ್ಪವನ್ನೂ ಕೊಂದವರ ಅಪರಾಧವನ್ನೂ ಒಂದೇ ವಾಕ್ಯದಲ್ಲಿ ಹೇಳಿದನು (ಅಪೊಸ್ತಲರ ಕೃತ್ಯಗಳು 2:23). ಎಲ್ಲಾ ಪರಾಂಬರಿಕೆಯ ಅರ್ಥವನ್ನು ನಾವು ಓದಬೇಕಾದದ್ದು ಆ ಶಿಲುಬೆಯಲ್ಲಿ ಮತ್ತು ಮೂರನೆಯ ದಿನದ ಬರಿದಾದ ಸಮಾಧಿಯಲ್ಲಿ.

ಮೂರನೆಯದಾಗಿ, ಪರಾಂಬರಿಕೆಯನ್ನು ನಂಬುವ ಸಭೆಯು ತಾನೇ ಅದರ ಉಪಕರಣವಾಗಲು ಒಪ್ಪಿಕೊಳ್ಳಬೇಕು. ಗುಳೆ ಹೋದವರ ಮನೆಯ ವೃದ್ಧರಿಗೆ ಒಂದು ಹೊತ್ತಿನ ರೊಟ್ಟಿ, ಶಾಲೆ ಬಿಡಬೇಕಾದ ಮಕ್ಕಳಿಗೆ ಊರಲ್ಲೇ ಉಳಿಯಲು ಆಸರೆ, ದುಡಿಯಹೋದ ಪಟ್ಟಣದ ಸಭೆಗೊಂದು ಪರಿಚಯ ಪತ್ರ, ಸಾಲಗಾರರ ಬಾಯಿಗೆ ಸಿಕ್ಕ ವಿಧವೆಯ ಸಂಗಡ ಕಚೇರಿಗೆ ಹೋಗಿ ಪರಿಹಾರದ ಅರ್ಜಿ ಬರೆಸುವ ಒಬ್ಬರು. ಇವು ಸಣ್ಣ ಕೆಲಸಗಳು. ಬೋವಜನು ಮಾಡಿದ್ದೂ ಒಂದಿಷ್ಟು ತೆನೆಗಳನ್ನು ಬೇಕೆಂದೇ ಬೀಳಿಸಿದ್ದು, ಅಷ್ಟೆ.

ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿಗೆ ಸುವಾರ್ತೆಯು 16ನೆಯ ಶತಮಾನದಲ್ಲಿಯೇ, ಆದಿಲ್ ಶಾಹಿಗಳ ಆಳ್ವಿಕೆಯ ಕಾಲದಲ್ಲಿ, ಗೋವೆಯಿಂದ ಬಂದ ಯೇಸುಸಭೆಯ ಗುರುಗಳ ಮೂಲಕ ತಲಪಿತ್ತು. ಕೋಟೆಗಾಗಿ ಅರಸರು ಕಾದಾಡಿದರು, ರಾಜ್ಯಗಳು ಅಳಿದವು, 1876-78ರ ಮಹಾ ಬರ ಬಂದುಹೋಯಿತು. ಈ ನಾಡಿನಲ್ಲಿ ಪ್ರಾರ್ಥಿಸುವ ಜನರು ಉಳಿದರು. ಏಕೆ ಉಳಿದರು, ಅಳಿದವರು ಏಕೆ ಅಳಿದರು ಎಂಬ ಲೆಕ್ಕ ನಮ್ಮ ಕೈಯಲ್ಲಿಲ್ಲ. ಯೋಸೇಫನು ಸಾಯುವಾಗ ತನ್ನವರಿಗೆ ಬಿಟ್ಟುಹೋದದ್ದು ಒಂದೇ ಮಾತು: ದೇವರು ನಿಶ್ಚಯವಾಗಿ ನಿಮ್ಮನ್ನು ಪರಾಂಬರಿಸುವನು (ಆದಿಕಾಂಡ 50:24-25). ಅಲ್ಲಿರುವ ‘ಪಾಕದ್’ ಎಂಬ ಕ್ರಿಯಾಪದವೇ ನೊವೊಮಿಯು ಮೋವಾಬಿನಲ್ಲಿ ಕೇಳಿದ ಸುದ್ದಿಯಲ್ಲಿಯೂ ಇದೆ. ಅದು ಬಂದು ವಿಚಾರಿಸುವ ದೇವರ ಕ್ರಿಯಾಪದ. ಬೀಗ ಹಾಕಿದ ಮನೆಯ ಕಟ್ಟೆಯ ಮೇಲೆ ಒಬ್ಬಳೇ ಕುಳಿತ ಅಜ್ಜಿಯನ್ನು ನಾವು ಹೋಗಿ ವಿಚಾರಿಸಿದಾಗ ಆ ಕ್ರಿಯಾಪದವನ್ನು ಆಕೆಯ ಮುಂದೆ ಸ್ವಲ್ಪಮಟ್ಟಿಗೆ ಕನ್ನಡಕ್ಕೆ ತಂದಂತಾಗುತ್ತದೆ.